ಆಯ್ಕೆಯ ಸ್ವಾತಂತ್ರ್ಯವೂ ಔಷಧಿಯ ಸೀಸೆಯೂ

ಸರ್ಕಾರದ ಕಟ್ಟುಪಾಡುಗಳನ್ನು ವಿರೋಧಿಸುವವರೆಲ್ಲ ದೊಡ್ಡ ಬಂಡವಾಳಗಾರರ ವಕೀಲರೆಂದು ಭಾವಿಸುವುದು ನಮ್ಮಲ್ಲಿ ವಾಡಿಕೆ. ಕಾನೂನಿನ ಪುಟಗಳು ಹೆಚ್ಚಿದಷ್ಟೂ ಬಡವನಿಗೆ ರಕ್ಷಣೆ ಹೆಚ್ಚುತ್ತದೆಂದು ನಂಬುವವರೂ ಅನೇಕರಿದ್ದಾರೆ. ಈ ಎರಡೂ ನಂಬಿಕೆಗಳನ್ನು ಪ್ರಶ್ನಿಸುವ ಒಂದು ಪುಸ್ತಕವನ್ನು ನಿಮ್ಮ ಮುಂದಿಟ್ಟು, ಅದರಲ್ಲಿ ಒಪ್ಪತಕ್ಕದ್ದು ಯಾವುದು, ಒಪ್ಪಲಾಗದ್ದು ಯಾವುದು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಮತ್ತು ಅವರ ಪತ್ನಿ ರೋಸ್ ಫ್ರೀಡ್‌ಮನ್ ಕೂಡಿ ಬರೆದ ‘ಫ್ರೀ ಟು ಚೂಸ್’ ಎಂಬ ಆ ಪುಸ್ತಕ 1980ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅಮೆರಿಕದಲ್ಲಿ ಇದೇ ಹೆಸರಿನ ದೂರದರ್ಶನ ಮಾಲಿಕೆಯೂ ಪ್ರಸಾರವಾಯಿತು. ಮಿಲ್ಟನ್ 1976ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರು. ಇಬ್ಬರೂ ಈಗಿಲ್ಲ, ಆದರೆ ಲಿಬರ್ಟೇರಿಯನ್ನರೆಂದು ಕರೆಯಲ್ಪಡುವ ಸ್ವಾತಂತ್ರ್ಯವಾದಿಗಳು ಇಂದಿಗೂ ಈ ಪುಸ್ತಕವನ್ನು ಆಧಾರವಾಗಿ ಇಟ್ಟುಕೊಂಡಿದ್ದಾರೆ.

ಪುಸ್ತಕದ ಮೊದಲ ಅಧ್ಯಾಯದಲ್ಲಿ ಒಂದು ಪೆನ್ಸಿಲಿನ ಪ್ರಸ್ತಾಪ ಬರುತ್ತದೆ. ಮರ, ಸೀಸದ ಕಡ್ಡಿ, ಬಣ್ಣ, ರಬ್ಬರು ಇವೆಲ್ಲವನ್ನೂ ಒಬ್ಬನೇ ಮನುಷ್ಯ ತಯಾರಿಸಲು ಬಲ್ಲವನಲ್ಲ. ಪರಸ್ಪರ ಪರಿಚಯವೇ ಇಲ್ಲದ ಸಾವಿರಾರು ಮಂದಿ, ಯಾವ ಅಧಿಕಾರಿಯ ಆಜ್ಞೆಯೂ ಇಲ್ಲದೆ, ಬೆಲೆಯೆಂಬ ಸೂಚನೆಯನ್ನು ಅನುಸರಿಸಿ ದುಡಿದುದರ ಫಲವೇ ಆ ಪುಟ್ಟ ವಸ್ತು. ಇದು ಲೆನರ್ಡ್ ರೀಡ್ ಎಂಬವರು 1958ರಲ್ಲಿ ಬರೆದ ಪ್ರಬಂಧದಿಂದ ಪಡೆದ ದೃಷ್ಟಾಂತ. ಜನರು ಬಲವಂತವಿಲ್ಲದೆ ಸಹಕರಿಸಬಲ್ಲರು ಎಂಬುದೇ ಲೇಖಕರ ಮೂಲ ನಂಬಿಕೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ಲೇಖಕರು ದೊಡ್ಡ ಉದ್ದಿಮೆದಾರರ ಭಟ್ಟಂಗಿಗಳಲ್ಲ. ವ್ಯಾಪಾರಿಯು ಇತರರಿಗೆಲ್ಲ ಪೈಪೋಟಿಯನ್ನು ಬೋಧಿಸಿ, ತನಗೆ ಮಾತ್ರ ಸರ್ಕಾರದ ರಕ್ಷಣೆಯನ್ನು ಕೋರುತ್ತಾನೆ ಎಂಬುದು ಅವರ ದೂರು. ಇದಕ್ಕೆ ಅವರು ಕೊಡುವ ಮುಖ್ಯ ನಿದರ್ಶನ ಅಮೆರಿಕದ ರೈಲ್ವೆಯದು. ರೈಲು ಕಂಪನಿಗಳು ರೈತರನ್ನು ಸುಲಿಯುತ್ತಿವೆ ಎಂಬ ಕೂಗೆದ್ದಾಗ 1887ರಲ್ಲಿ ಅಂತರರಾಜ್ಯ ವಾಣಿಜ್ಯ ಆಯೋಗ ಸ್ಥಾಪನೆಯಾಯಿತು. ಕಾಲಕ್ರಮದಲ್ಲಿ ಆ ಆಯೋಗವೇ ರೈಲು ಕಂಪನಿಗಳ ಆಸರೆಯಾಯಿತು. ಲಾರಿಗಳು ಬಂದು ಪೈಪೋಟಿ ಹೂಡಿದಾಗ, 1935ರ ಶಾಸನವು ಲಾರಿಗಳನ್ನೂ ಅದೇ ಆಯೋಗದ ಅಧೀನಕ್ಕೆ ತಂದಿತು. ಹೊಸಬನು ಲಾರಿ ಓಡಿಸಬೇಕಾದರೆ ಪರವಾನಗಿ ಪಡೆಯಬೇಕಿತ್ತು. ಈಗಾಗಲೇ ವ್ಯಾಪಾರದಲ್ಲಿದ್ದವರು ಅದನ್ನು ಆಕ್ಷೇಪಿಸಬಹುದಿತ್ತು. 1980ರಲ್ಲಿ ಈ ಬಿಗಿಯನ್ನು ಸಡಿಲಿಸಲಾಯಿತು. 1995ರ ಕೊನೆಯಲ್ಲಿ ಆಯೋಗವೇ ರದ್ದಾಯಿತು. ಪ್ರಜೆಯ ಹೆಸರಿನಲ್ಲಿ ಹುಟ್ಟಿದ ಕಾವಲುಗಾರ ಕಳ್ಳನ ಮನೆಯಲ್ಲೇ ಊಟ ಮಾಡತೊಡಗಿದ ಎಂಬ ಅವರ ದೂರಿನಲ್ಲಿ ಹುರುಳಿದೆ.

ಭಾರತೀಯರಾದ ನಮಗೆ ಈ ಮಾತು ಹೊಸದಲ್ಲ. ಮಿಲ್ಟನ್ ಫ್ರೀಡ್‌ಮನ್ 1955ರಲ್ಲೇ ನಮ್ಮ ದೇಶಕ್ಕೆ ಬಂದು ಸರ್ಕಾರಕ್ಕೆ ಒಂದು ಟಿಪ್ಪಣಿಯನ್ನು ಸಲ್ಲಿಸಿದ್ದರು. ಪುಸ್ತಕದ ಎರಡನೆಯ ಅಧ್ಯಾಯವು ಮೇಜಿ ಕಾಲದ ಜಪಾನನ್ನೂ ಸ್ವಾತಂತ್ರ್ಯಾನಂತರದ ಭಾರತವನ್ನೂ ಹೋಲಿಸಿ, ನಮ್ಮ ನಿಯಂತ್ರಣಗಳನ್ನು ಟೀಕಿಸುತ್ತದೆ. ರಾಜಾಜಿಯವರು ‘ಪರ್ಮಿಟ್-ಲೈಸೆನ್ಸ್ ರಾಜ್ಯ’ವನ್ನು ವಿರೋಧಿಸಿ 1959ರಲ್ಲಿ ಸ್ವತಂತ್ರ ಪಕ್ಷವನ್ನು ಕಟ್ಟಿದರು. 1967ರಲ್ಲಿ ಆರ್. ಕೆ. ಹಜಾರಿಯವರು ಯೋಜನಾ ಆಯೋಗಕ್ಕೆ ಒಪ್ಪಿಸಿದ ವರದಿಯು, ಕೈಗಾರಿಕಾ ಪರವಾನಗಿಗಳಲ್ಲಿ ದೊಡ್ಡ ಮನೆತನಗಳು, ವಿಶೇಷವಾಗಿ ಬಿರ್ಲಾ ಸಮೂಹವು, ಭಾರಿ ಪಾಲನ್ನು ಮೊದಲೇ ಹಿಡಿದಿಟ್ಟುಕೊಂಡಿದ್ದನ್ನು ಬಯಲಿಗೆಳೆಯಿತು. ಆರ್ಥಿಕ ಶಕ್ತಿ ಕೆಲವರ ಕೈಯಲ್ಲಿ ಕೂಡದಿರಲೆಂದು ಮಾಡಿದ ವ್ಯವಸ್ಥೆಯೇ ಆ ಕೆಲವರಿಗೆ ಕೋಟೆಯಾಯಿತು. ಒಂದು ಸ್ಕೂಟರಿಗೆ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾದ ಹಿರಿಯರು ನಿಮ್ಮ ಕುಟುಂಬಗಳಲ್ಲೇ ಇರಬಹುದು. 1991ರ ಸುಧಾರಣೆಗಳನ್ನು ಎಷ್ಟೇ ಟೀಕಿಸಿದರೂ, ಆ ಹಿಂದಿನ ಕಾಲವನ್ನು ಬಡವರ ಸುವರ್ಣಯುಗವೆಂದು ಕರೆಯುವುದು ಸತ್ಯಕ್ಕೆ ದೂರ.

ಇಷ್ಟನ್ನು ಒಪ್ಪಿದ ಮೇಲೆ ಪುಸ್ತಕದ ಏಳನೆಯ ಅಧ್ಯಾಯಕ್ಕೆ ಬರೋಣ. ಗ್ರಾಹಕನನ್ನು ರಕ್ಷಿಸುವವರು ಯಾರು ಎಂಬುದು ಅಲ್ಲಿನ ಪ್ರಶ್ನೆ. ಅಮೆರಿಕದ ಆಹಾರ ಮತ್ತು ಔಷಧಿ ಆಡಳಿತದ ಬಗ್ಗೆ ಲೇಖಕರು ಹೂಡುವ ವಾದ ಹೀಗಿದೆ: ಕೆಟ್ಟ ಔಷಧಿಗೆ ಒಪ್ಪಿಗೆ ಕೊಟ್ಟ ಅಧಿಕಾರಿಯ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ, ಒಳ್ಳೆಯ ಔಷಧಿಯನ್ನು ತಡೆದವನ ತಪ್ಪು ಯಾರಿಗೂ ಕಾಣುವುದಿಲ್ಲ. ಆ ಔಷಧಿ ಸಿಗದೆ ಸತ್ತವನು ಎದ್ದು ಬಂದು ದೂರು ಕೊಡಲಾರ. ಆದ್ದರಿಂದ ಅಧಿಕಾರಿ ಸದಾ ತಡೆಯುವ ಕಡೆಗೇ ವಾಲುತ್ತಾನೆ. ಇದು ಪ್ರಾಮಾಣಿಕವಾದ, ಯೋಚಿಸತಕ್ಕ ವಾದ. ಆದರೆ ಇಲ್ಲಿಂದ ಲೇಖಕರು, ತಯಾರಕನ ಹೆಸರು, ಅಂಗಡಿಯ ಖ್ಯಾತಿ, ಪೈಪೋಟಿ ಇವೇ ಗ್ರಾಹಕನಿಗೆ ಉತ್ತಮ ರಕ್ಷಣೆ ಎಂಬ ತೀರ್ಮಾನಕ್ಕೆ ಜಿಗಿಯುತ್ತಾರೆ. ಆ ಜಿಗಿತದಲ್ಲೇ ಅವರು ಎಡವುತ್ತಾರೆ.

1937ರ ಘಟನೆಯೊಂದನ್ನು ನೋಡಿರಿ. ಅಮೆರಿಕದ ಟೆನೆಸೀ ರಾಜ್ಯದ ಮ್ಯಾಸೆಂಗಿಲ್ ಎಂಬ ಕಂಪನಿ ಸಲ್ಫನಿಲಮೈಡ್ ಎಂಬ ಔಷಧಿಯನ್ನು ದ್ರವರೂಪದಲ್ಲಿ ಮಾರಲು, ಅದನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕದಲ್ಲಿ ಕರಗಿಸಿತು. ರುಚಿ, ಬಣ್ಣ, ವಾಸನೆಗಳನ್ನು ಪರೀಕ್ಷಿಸಿದರು. ವಿಷವೇ ಎಂಬುದನ್ನು ಪರೀಕ್ಷಿಸಲಿಲ್ಲ. ನೂರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಅನೇಕರು ಮಕ್ಕಳು. ಅಂದಿನ 1906ರ ಕಾನೂನಿನ ಪ್ರಕಾರ, ಪರೀಕ್ಷಿಸದೆ ಔಷಧಿ ಮಾರುವುದು ಅಪರಾಧವೇ ಆಗಿರಲಿಲ್ಲ. ‘ಎಲಿಕ್ಸರ್’ ಎಂಬ ಹೆಸರಿದ್ದ ಔಷಧಿಯಲ್ಲಿ ಮದ್ಯಸಾರವಿರಬೇಕಿತ್ತು, ಅದಿರಲಿಲ್ಲ ಎಂಬ ತಪ್ಪು ಹೆಸರಿನ ಆರೋಪದ ಮೇಲಷ್ಟೇ ಅಧಿಕಾರಿಗಳು ಉಳಿದ ಸೀಸೆಗಳನ್ನು ವಶಪಡಿಸಿಕೊಳ್ಳಲು ಸಾಧ್ಯವಾಯಿತು. ಮಾರಾಟಕ್ಕೆ ಮುನ್ನ ಸುರಕ್ಷತೆಯನ್ನು ತೋರಿಸಬೇಕೆಂಬ ನಿಯಮ 1938ರಲ್ಲಿ ಬಂದದ್ದು ಈ ಸಾವುಗಳ ನಂತರ.

ಖ್ಯಾತಿಯೇ ರಕ್ಷಣೆ ಎಂಬ ವಾದದ ಕೊರತೆ ಇಲ್ಲಿ ಕಾಣುತ್ತದೆ. ಕೆಟ್ಟ ಪೆನ್ಸಿಲನ್ನು ಕೊಂಡವನು ಮರುದಿನ ಬೇರೆ ಅಂಗಡಿಗೆ ಹೋಗುತ್ತಾನೆ. ಅವನಿಗಾದ ನಷ್ಟವೇ ಪಾಠವಾಗುತ್ತದೆ. ಔಷಧಿಯ ವಿಷಯದಲ್ಲಿ ಕಂಪನಿಯ ಹೆಸರು ಕೆಡಬೇಕಾದರೆ ಮೊದಲು ಯಾರಾದರೂ ಸಾಯಬೇಕು. ಜ್ವರದಿಂದ ನರಳುವ ಮಗುವಿನ ತಾಯಿ ಸೀಸೆಯೊಳಗೆ ಏನಿದೆಯೆಂದು ಪರೀಕ್ಷಿಸಲಾರಳು. ಅವಳಿಗಿರುವುದು ಆಯ್ಕೆಯಲ್ಲ, ನಂಬಿಕೆ.

ಅದೇ ದೇಶದಲ್ಲಿ 1960ರಲ್ಲಿ ಆಡಳಿತಕ್ಕೆ ಸೇರಿದ ಫ್ರಾನ್ಸಿಸ್ ಕೆಲ್ಸಿ ಎಂಬ ವೈದ್ಯೆ, ಥಾಲಿಡೊಮೈಡ್ ಎಂಬ ಔಷಧಿಗೆ ಕಂಪನಿಯ ಒತ್ತಡವಿದ್ದರೂ ಒಪ್ಪಿಗೆ ನೀಡಲಿಲ್ಲ. 1957ರಿಂದ ಜರ್ಮನಿಯಲ್ಲಿ ಮಾರಾಟವಾಗುತ್ತಿದ್ದ ಆ ಔಷಧಿಯನ್ನು ಗರ್ಭಿಣಿಯರು ಸೇವಿಸಿದ್ದರಿಂದ, ಪ್ರಪಂಚದಲ್ಲಿ ಸುಮಾರು 10,000 ಮಕ್ಕಳು ಅಂಗವೈಕಲ್ಯದಿಂದ ಜನಿಸಿದರು. ಅಮೆರಿಕದ ಬಹುಪಾಲು ತಾಯಂದಿರು ಪಾರಾದದ್ದು 1938ರ ಆ ಕಾನೂನಿನಿಂದ ಮತ್ತು ಅದನ್ನು ನಿಷ್ಠೆಯಿಂದ ನಡೆಸಿದ ಒಬ್ಬ ಅಧಿಕಾರಿಯಿಂದ.

‘ನಮ್ಮಲ್ಲಿ ಕಾನೂನಿದ್ದೂ ಮಕ್ಕಳು ಸಾಯಲಿಲ್ಲವೇ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ಔಷಧಿ ಕಾನೂನು 1940ರದು. ಆದರೂ 1986ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಇದೇ ಡೈಎಥಿಲೀನ್ ಗ್ಲೈಕಾಲ್ ಬೆರೆತ ಗ್ಲಿಸರಿನ್‌ನಿಂದ 14 ರೋಗಿಗಳು ಸತ್ತರು. ನ್ಯಾಯಮೂರ್ತಿ ಲೆಂಟಿನ್ ಆಯೋಗವು ಆಡಳಿತದೊಳಗಿನ ಭ್ರಷ್ಟತೆಯನ್ನು ಬಯಲು ಮಾಡಿತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ಪು ಕುಡಿದು 20ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಪರೀಕ್ಷೆಯಲ್ಲಿ ಆ ಸಿರಪ್ಪಿನ ನೂರಕ್ಕೆ 48ರಷ್ಟು ಭಾಗ ಅದೇ ವಿಷವೆಂದು ಕಂಡುಬಂತು. ಕಾರ್ಖಾನೆಯ ನೂರಾರು ಲೋಪಗಳು ವರದಿಯಾದದ್ದು ಮಕ್ಕಳು ಸತ್ತ ಮೇಲೆ.

ಫ್ರೀಡ್‌ಮನ್ ದಂಪತಿಗಳ ಶಿಷ್ಯರು ಇದನ್ನು ತಮ್ಮ ವಾದಕ್ಕೆ ಸಾಕ್ಷಿಯೆನ್ನುವರು. ನಾನು ಹಾಗೆಂದು ಒಪ್ಪಲಾರೆ. 1937ರಲ್ಲಿ ಕಾವಲಿಗೆ ಅಧಿಕಾರವಿರಲಿಲ್ಲ. 2025ರಲ್ಲಿ ಅಧಿಕಾರವಿದ್ದರೂ ಕಾವಲು ನಡೆಯಲಿಲ್ಲ. ಬೇಲಿಯಲ್ಲಿ ತೂತು ಬಿದ್ದರೆ ಹೊಲದ ಯಜಮಾನ ಬೇಲಿಯನ್ನು ಕಟ್ಟುತ್ತಾನೆ, ಕಿತ್ತೆಸೆಯುವುದಿಲ್ಲ.

ಹಣಕಾಸಿನ ಲೋಕದಲ್ಲೂ ಇದೇ ಪಾಠ ದೊರಕಿತು. ಅಮೆರಿಕದ ಕೇಂದ್ರ ಬ್ಯಾಂಕಿಗೆ 1987ರಿಂದ 2006ರವರೆಗೆ ಮುಖ್ಯಸ್ಥರಾಗಿದ್ದ ಆಲನ್ ಗ್ರೀನ್‌ಸ್ಪಾನ್, ಬ್ಯಾಂಕುಗಳು ಸ್ವಹಿತಕ್ಕಾಗಿಯೇ ಎಚ್ಚರ ವಹಿಸುವುವೆಂದು ನಂಬಿದ್ದರು. 2008ರ ಕುಸಿತದ ನಂತರ, ಆ ನಂಬಿಕೆಯಲ್ಲಿ ದೋಷವಿತ್ತೆಂದು ಸಂಸತ್ತಿನ ಸಮಿತಿಯ ಮುಂದೆ ಹೇಳಿದರು. ಅದೇ ವರ್ಷ ಬ್ಯಾಂಕುಗಳನ್ನು ಉಳಿಸಲು 70,000 ಕೋಟಿ ಡಾಲರುಗಳ ಮಸೂದೆ ಬಂದಾಗ, ರಾನ್ ಪಾಲ್ ಎಂಬ ಲಿಬರ್ಟೇರಿಯನ್ ಸದಸ್ಯರು ಅದರ ವಿರುದ್ಧ ಮತ ಹಾಕಿದರು. ಲಾಭ ಖಾಸಗಿಯವರಿಗೆ, ನಷ್ಟ ಪ್ರಜೆಗಳಿಗೆ ಎಂಬ ನೀತಿಯನ್ನು ವಿರೋಧಿಸುವುದರಲ್ಲಿ ಈ ಪಂಥದವರು ತಮ್ಮ ತತ್ವಕ್ಕೆ ನಿಷ್ಠರು. ಆ ಗೌರವ ಅವರಿಗೆ ಸಲ್ಲಬೇಕು.

ಪುಸ್ತಕದ ಮುಖ್ಯ ದೋಷ ಅದರ ಅಧಿಕಾರದ ಕಲ್ಪನೆಯಲ್ಲಿದೆ. ಲೇಖಕರಿಗೆ ಬಲವಂತವೆಂದರೆ ಬಹುಮಟ್ಟಿಗೆ ಸರ್ಕಾರದ ಬಲವಂತ. ಕಚೇರಿಯನ್ನು ಮುಚ್ಚಿದರೆ ದೊಡ್ಡವನ ಬಲವೂ ಕುಗ್ಗುವುದೆಂದು, ಮುಕ್ತ ಪೈಪೋಟಿ ಉಳಿದುದನ್ನು ನೋಡಿಕೊಳ್ಳುವುದೆಂದು ಅವರ ಭರವಸೆ. ಆದರೆ ಆಯೋಗವನ್ನು ತನ್ನತ್ತ ಎಳೆದುಕೊಳ್ಳಬಲ್ಲಷ್ಟು ದೊಡ್ಡದಾದ ಕಂಪನಿ, ಆಯೋಗ ಇಲ್ಲದಿದ್ದಾಗ ಪಕ್ಕದ ಸಣ್ಣ ವ್ಯಾಪಾರಿಯನ್ನೂ ತನ್ನ ಕೆಲಸಗಾರನನ್ನೂ ಮಣಿಸಲಾರದೇ? ಹನ್ನೊಂದನೆಯ ಪಿಯೂಸ್ ಜಗದ್ಗುರುಗಳು 1931ರ ತಮ್ಮ ವಿಶ್ವಪತ್ರದಲ್ಲಿ ಈ ಎರಡು ಅಪಾಯಗಳನ್ನೂ ಒಟ್ಟಿಗೆ ಕಂಡಿದ್ದರು. ಕುಟುಂಬ, ಊರು, ಸಂಘಗಳು ತಾವೇ ಮಾಡಬಲ್ಲ ಕಾರ್ಯವನ್ನು ರಾಜ್ಯವು ಕಸಿದುಕೊಳ್ಳಬಾರದು. ಆದರೆ ಕೆಲವರ ಕೈಯಲ್ಲಿ ಕೂಡಿದ ಧನಬಲಕ್ಕೆ ರಾಜ್ಯವು ದಾಸನೂ ಆಗಬಾರದು ಎಂಬುದು ಅದರ ಸಾರ. ಫ್ರೀಡ್‌ಮನ್‌ರ ಪುಸ್ತಕದಲ್ಲಿ ಮೊದಲ ಅರ್ಧ ಸ್ಪಷ್ಟವಾಗಿದೆ. ಎರಡನೆಯದಕ್ಕೆ ಸಾಕಷ್ಟು ಉತ್ತರವಿಲ್ಲ.

ಆದ್ದರಿಂದ ಓದುಗರೇ, ಈ ಪುಸ್ತಕವನ್ನು ಓದಿರಿ, ಆದರೆ ಇಡಿಯಾಗಿ ನುಂಗಬೇಡಿರಿ. ಯಾವುದೇ ಹೊಸ ನಿಯಮದ ಸುದ್ದಿ ಬಂದಾಗ, ಇದನ್ನು ಬೇಡಿದವರು ಯಾರು, ಇದರಿಂದ ಬಾಗಿಲು ಮುಚ್ಚುವುದು ಯಾವ ಹೊಸಬನಿಗೆ ಎಂದು ಕೇಳುವುದನ್ನು ಅದರಿಂದ ಕಲಿಯಬಹುದು. ಯಾವುದೇ ನಿಯಮವನ್ನು ರದ್ದುಮಾಡುವ ಸುದ್ದಿ ಬಂದಾಗ, ಮೊದಲ ಪೆಟ್ಟು ಬೀಳುವುದು ಯಾರಿಗೆ, ಆ ಪೆಟ್ಟನ್ನು ಅವರು ಮುಂಚಿತವಾಗಿ ತಿಳಿಯಬಲ್ಲರೇ ಎಂಬುದನ್ನು ನಾವೇ ಸೇರಿಸಿ ಕೇಳಬೇಕು. ಲಾರಿಯ ಪರವಾನಗಿಗೂ ಮಗುವಿನ ಸಿರಪ್ಪಿಗೂ ಒಂದೇ ಉತ್ತರ ಹೊಂದದು. ಈ ಭೇದವನ್ನು ಅರಿತು ಮತ ಹಾಕುವುದೂ, ತಪಾಸಣೆ ಏಕೆ ನಡೆಯಲಿಲ್ಲವೆಂದು ನಮ್ಮ ಪ್ರತಿನಿಧಿಗಳನ್ನು ಪ್ರಶ್ನಿಸುವುದೂ ಪ್ರಜೆಗಳಾದ ನಮ್ಮ ಹೊಣೆ.