ಇಲಿ ಕುಡಿದ ನೀರು, ಪಾವಗಡದ ನೀರು

ಪಾವಗಡ, ಶಿರಾ, ಮಧುಗಿರಿ ಕಡೆ ಮಕ್ಕಳ ಹಲ್ಲಿನ ಕಂದು ಕಲೆಗೆ ಬೋರ್‌ವೆಲ್ ನೀರಿನ ಫ್ಲೋರೈಡ್ ಕಾರಣವೆಂದು ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅದೇ ನೀರು ಕಲಿಕೆಗೂ ನೆನಪಿಗೂ ಪೆಟ್ಟು ಕೊಡುತ್ತದೆಯೇ? ಈ ಪ್ರಶ್ನೆಯನ್ನು ವಿಜ್ಞಾನಿಗಳು ಇಲಿಗಳನ್ನೂ ಕೇಳಿದ್ದಾರೆ.

ಹಾಗೆ ಕೇಳುವುದರಲ್ಲಿ ನ್ಯಾಯವಿದೆ. ಮಗುವಿಗೆ ಬೇಕೆಂದೇ ಫ್ಲೋರೈಡ್ ಕುಡಿಸಲಾಗದು. ಊರಿನ ಮಕ್ಕಳನ್ನೇ ಹೋಲಿಸೋಣವೆಂದರೆ ಬರ, ಬಡತನ, ಅರೆಹೊಟ್ಟೆ, ಮೇಷ್ಟ್ರಿಲ್ಲದ ಶಾಲೆ ಎಲ್ಲವೂ ನೀರಿನ ಜೊತೆಗೇ ಬರುತ್ತವೆ. ಪಂಜರದ ಇಲಿಗಳಿಗೆ ಮೇವು, ಬೆಳಕು, ವಯಸ್ಸು ಎಲ್ಲ ಒಂದೇ. ನೀರು ಮಾತ್ರ ಬೇರೆ.

ಆದರೆ ಎಂಥ ನೀರು? 1995ರಲ್ಲಿ ಅಮೆರಿಕದ ಫಿಲಿಸ್ ಮುಲೆನಿಕ್ಸ್ ಮತ್ತು ಸಂಗಡಿಗರು ಇಲಿಗಳ ವರ್ತನೆ ಕೆಟ್ಟಿತೆಂದು ವರದಿ ಮಾಡಿದಾಗ ಕುಡಿಸಿದ್ದು 75 ಪಿಪಿಎಂ (ಹತ್ತು ಲಕ್ಷಕ್ಕೆ 75 ಭಾಗ) ಮತ್ತು ಅದಕ್ಕೂ ಮೇಲೆ. ನಮ್ಮ ಕುಡಿಯುವ ನೀರಿನ ಗರಿಷ್ಠ ಮಿತಿ 1.5. ಇಲಿಯ ರಕ್ತದಲ್ಲಿ ಮನುಷ್ಯರಷ್ಟು ಮಟ್ಟ ಬರಬೇಕಾದರೆ ಹೆಚ್ಚು ಹಾಕಲೇಬೇಕು ಎಂಬ ಸಮರ್ಥನೆಯಿದೆ. ಅರ್ಧ ಒಪ್ಪಬಹುದು. ಆದರೆ 2018ರಲ್ಲಿ ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮದವರು 10 ಮತ್ತು 20 ಪಿಪಿಎಂ ಕುಡಿಸಿ ನೋಡಿದಾಗ ಕಲಿಕೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ದೋಷ. ಫ್ಲೋರೈಡ್ ಹೆಚ್ಚಾದರೆ ಬರುವ ಫ್ಲೋರೋಸಿಸ್ ಕೀಲನ್ನೂ ಹಿಡಿಯುವ ರೋಗ. ಕಲಿಕೆ ಅಳೆಯುವ ಚಕ್ರವ್ಯೂಹದಲ್ಲಿ ತಡವರಿಸುವ ಇಲಿ ದಾರಿ ಮರೆತಿದೆಯೋ, ಕಾಲೆಳೆಯುತ್ತಿದೆಯೋ? ಅದೇ ವಿಷವಿಜ್ಞಾನ ಕಾರ್ಯಕ್ರಮ 2016ರಲ್ಲಿ ಹಳೆಯ ಪ್ರಯೋಗಗಳನ್ನೆಲ್ಲ ಜಾಲಾಡಿದಾಗ ಈ ಅನುಮಾನ ಎತ್ತಿತ್ತು. ಕೊನೆಗೆ 2024ರಲ್ಲಿ, 1.5ಕ್ಕಿಂತ ಹೆಚ್ಚಿನ ಫ್ಲೋರೈಡ್‌ಗೂ ಮಕ್ಕಳ ಕಡಿಮೆ ಐಕ್ಯೂಗೂ ಸಂಬಂಧವಿದೆಯೆಂದು ಅದು ಮಧ್ಯಮ ಭರವಸೆಯಿಂದ ಹೇಳಿದ್ದು ಮನುಷ್ಯರ ಅಧ್ಯಯನಗಳ ಬಲದಿಂದ. ಇಲಿಗಳು ಸತ್ತದ್ದೇ ಬಂತು ಎನ್ನುವಷ್ಟು ಕಟುವಾಗಿ ನಾನು ಹೇಳಲಾರೆ. ಎಲ್ಲಿ ಹುಡುಕಬೇಕೆಂದು ಮೊದಲು ಬೆರಳು ತೋರಿಸಿದವುಗಳಲ್ಲಿ ಅವೂ ಇದ್ದವು.

ಮೇವಿನದೂ ಒಂದು ತೊಡಕಿದೆ. ಪ್ರಯೋಗಾಲಯದ ಮೇವಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿರುತ್ತದೆ. ಅದು ಕಡಿಮೆಯಾದರೆ ಫ್ಲೋರೈಡ್ ಕಾಟ ಹೆಚ್ಚು. ಕ್ಯಾಲ್ಸಿಯಂ ಕೊಡುವ ರಾಗಿಮುದ್ದೆ ಸರಿದು ಪಡಿತರದ ಅಕ್ಕಿಯೇ ತಟ್ಟೆ ತುಂಬಿದ ಮನೆಯಲ್ಲಿ ನೀರೂ ಊಟವೂ ಸೇರಿಯೇ ಕೆಲಸ ಮಾಡುತ್ತವೆ. ಪ್ರಯೋಗ ಕಾಳಜಿಯಿಂದ ಬೇರ್ಪಡಿಸಿ ಎಸೆಯುವುದು ಈ ಜೋಡಿಯನ್ನೇ. ಎರಡನ್ನೂ ಒಟ್ಟಿಗಿಟ್ಟು, ನಮ್ಮ ಬೋರ್‌ವೆಲ್‌ಗಳ ಮಟ್ಟಕ್ಕೆ ಹೊಂದಿಸಿ ಮಾಡಿದರೆ ಪ್ರಯೋಗಕ್ಕೊಂದು ಅರ್ಥವಿದೆ. ಶುದ್ಧ ನೀರಿನ ಘಟಕ ಕೆಟ್ಟು ನಿಂತ ಊರಿಗೆ ಇನ್ನೊಂದು 100 ಪಿಪಿಎಂ ವರದಿಯಿಂದ ಆಗಬೇಕಾದ್ದೇನೂ ಇಲ್ಲ.