ಕೊಡವ ಸ್ವರಗಳೂ ಜೋಡಿ ಚುಕ್ಕೆಗಳೂ

ದ್ರಾವಿಡ ಭಾಷೆಗಳ ತೌಲನಿಕ ವ್ಯಾಸಂಗಕ್ಕೆ ತೊಡಗಿದ ವಿದ್ಯಾರ್ಥಿಗೆ ಕೊಡವ ಶಬ್ದಗಳು ಎದುರಾಗುವುದು ಬಹುಮಟ್ಟಿಗೆ ಬರೋ ಮತ್ತು ಎಮೆನೋ ಅವರ ನಿಷ್ಪತ್ತಿ ಕೋಶದಲ್ಲಿ (1961, ಎರಡನೆಯ ಆವೃತ್ತಿ 1984). ಅಲ್ಲಿ ರೋಮನ್ ಲಿಪಿಯ ಇಕಾರ, ಎಕಾರಗಳ ನೆತ್ತಿಯ ಮೇಲೆ ಜೋಡಿ ಚುಕ್ಕೆಗಳು ಕಾಣುತ್ತವೆ. ಇವು ಅಲಂಕಾರವಲ್ಲ. ನಾಲಗೆಯು ಮುಂದಕ್ಕೆ ಚಾಚದೆ ಬಾಯ ನಡುವೆಯೇ ನಿಂತು, ತುಟಿ ದುಂಡಾಗದೆ ಹೊರಡುವ ಸ್ವರಗಳ ಗುರುತು ಇವು. ಕಲ್ಲು, ಮಣ್ಣು, ಕಣ್ಣು ಎಂದು ನಾವು ಉಕಾರದಿಂದ ಮುಗಿಸುವ ಮಾತುಗಳನ್ನು ಕೊಡವರು ಮುಗಿಸುವುದು ಈ ಸ್ವರದಿಂದ.

ಚುಕ್ಕೆಗಳ ಅರ್ಥ ಎಲ್ಲೆಡೆಯೂ ಒಂದೇ ಅಲ್ಲ. ಫ್ರೆಂಚಿನಲ್ಲಿ ಅವು ಹಿಂದಣ ಸ್ವರದೊಡನೆ ಕೂಡಿಸದೆ ಬಿಡಿಸಿ ಓದೆಂದು ಸೂಚಿಸುತ್ತವೆ. ಆಲ್ಬೇನಿಯದ ಭಾಷೆಯಲ್ಲಿ ಚುಕ್ಕೆಯುಳ್ಳ ಎಕಾರವು ಕೊಡವದಂತೆ ಮಧ್ಯಸ್ವರವೇ. ಜರ್ಮನಿನಲ್ಲಿ ಉಕಾರದ ಮೇಲೆ ಬಂದಾಗ ಹಿಂದಣ ಸ್ವರವನ್ನು ಮುಂದಕ್ಕೆ ತರುತ್ತವೆ. ಎಮೆನೋ ಅವರ ತೋಡ ಶಬ್ದಗಳಲ್ಲಿಯೂ ಹೀಗೆಯೇ. ಆದುದರಿಂದ ಒಂದೇ ಕೋಶದೊಳಗೆ ಈ ಚುಕ್ಕೆಗಳು ಇಕಾರವನ್ನು ಹಿಂದಕ್ಕೂ ಉಕಾರವನ್ನು ಮುಂದಕ್ಕೂ ಎಳೆಯುತ್ತವೆ. ತಜ್ಞನಿಗೆ ಇದು ತೊಡಕಲ್ಲ; ಮೊದಲ ಸಲ ಕೋಶ ತೆರೆದವನು ಎಡವದಿರುವುದು ಕಷ್ಟ.

ಆದರೂ ಈ ಸಂಕೇತದಿಂದ ಆದ ಲಾಭ ಹಿರಿದು. ಮೂರ್ಧನ್ಯ ವ್ಯಂಜನದ ಮುನ್ನ ಬರುವ ಇಕಾರ ಎಕಾರಗಳು ಕೊಡವದಲ್ಲಿ ನಡುವಣ ಸ್ವರಗಳಾಗುತ್ತವೆ. ಅವಕ್ಕೂ ಮೊದಲು ಓಷ್ಠ್ಯವಿದ್ದರೆ ದುಂಡಾಗಿ ಉಕಾರ ಒಕಾರಗಳಾಗುತ್ತವೆ. ಹಳಗನ್ನಡದ 'ಪೆಣ್' ಕೊಡಗಿನಲ್ಲಿ 'ಪೊಣ್ಣ್' ಆದುದು ಹೀಗೆ. 1970ರಲ್ಲಿ ಎಮೆನೋ ಕೊಡಗಿನ ಸ್ವರಗಳನ್ನೇ ಕುರಿತು ಬರೆದ ಲೇಖನದ ಬಲವಿರುವುದು ಇಂತಹ ಕ್ರಮಬದ್ಧತೆಯನ್ನು ತೋರಿದುದರಲ್ಲಿ. ಚುಕ್ಕೆಯನ್ನು ಕೈಬಿಟ್ಟು ಅಚ್ಚು ಹಾಕುವವರು, ಇಂದಿಗೂ ಅಂಥವರಿದ್ದಾರೆ, ಈ ನಿಯಮವನ್ನೇ ಅಳಿಸಿಹಾಕುತ್ತಾರೆ. ಕಲ್ಲಿನ ಮಾತನ್ನು ಓದುಗನು ಆಗ 'ಕಲ್ಲಿ' ಎಂದೇ ಓದುವನು.

ನಮ್ಮ ಲಿಪಿಯಾದರೂ ನಿರ್ದೋಷಿಯಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ 'ಪಟ್ಟೋಲೆ ಪಳಮೆ'ಯನ್ನು ಪ್ರಕಟಿಸಿದುದು ಕನ್ನಡ ಲಿಪಿಯಲ್ಲಿ. ಕೊಡವನಿಗೆ ಆ ಬರಹ ಸಾಕು, ಮಾತು ಅವನ ಕಿವಿಯಲ್ಲಿಯೇ ಇದೆ. ಹೊರಗಿನವನಿಗೆ ಸಾಲದು. ನಾನೇ ಮೇಲೆ 'ಪೊಣ್ಣ್' ಎಂದು ಬರೆದು ಕಡೆಯ ಸ್ವರವನ್ನು ನುಂಗಿದ್ದೇನೆ: ಕನ್ನಡದಲ್ಲಿ ಆ ಚಿಹ್ನೆಗೆ ಸ್ವರವಿಲ್ಲವೆಂದೇ ಅರ್ಥ. ಮಲೆಯಾಳದವರು ಪದಾಂತದ ಈ ಧ್ವನಿಗೆ ಚಂದ್ರಕ್ಕಲೆಯನ್ನು ಬಳಸುತ್ತಾರೆ. ಪದದ ನಡುವಣ ಸ್ವರಕ್ಕೆ ಅದೂ ಒದಗದು. ಕನ್ನಡದ ಇತ್ವ ಎತ್ವಗಳಿಗೇ ಒಂದು ಗುರುತನ್ನು ಸೇರಿಸಿ, ಮೊದಲು ಶಾಸ್ತ್ರಗ್ರಂಥಗಳಲ್ಲಾದರೂ ಬಳಸಿ ನೋಡುವುದು ಯುಕ್ತವೆಂದು ನನ್ನ ಅಭಿಪ್ರಾಯ.