ಹೊಳೆಯನ್ನು ಮರೆತ ಹೊಳೆಸಾಲಿನ ಚರಿತ್ರೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಚರಿತ್ರೆ ಬರೆಯಹೊರಟವರು ಮೊದಲು ಕೈಗೆತ್ತಿಕೊಳ್ಳುವ ಗ್ರಂಥ, 1884ರಲ್ಲಿ ಮುಂಬಯಿ ಸರಕಾರ ಹೊರತಂದ ಬೆಳಗಾವಿ ಗೆಝೆಟಿಯರು. ಜೇಮ್ಸ್ ಕ್ಯಾಂಬೆಲ್ಲರು ಸಂಪಾದಿಸಿದ ಆ ಹೊತ್ತಗೆಯ ಹಿಂದಿನ ಪರಿಶ್ರಮ ಅಸಾಧಾರಣವಾದುದು. ಅದರ ಋಣವನ್ನು ಅಲ್ಲಗಳೆಯಲಾಗದು. ಆದರೆ ಅದರ ರಚನೆಯಲ್ಲಿಯೇ ಒಂದು ದೋಷವಿದೆ. ಅದನ್ನು ನಮ್ಮ ಸ್ಥಳೀಯ ಚರಿತ್ರಕಾರರು ಇಂದಿಗೂ ಬಿಟ್ಟಿಲ್ಲವೆಂಬುದೇ ನನ್ನ ತಕರಾರು.

ಅಲ್ಲಿ ನದಿಗಳು ಮೊದಲ ಅಧ್ಯಾಯದಲ್ಲಿ ಹರಿದು ಮುಗಿಯುತ್ತವೆ; ಊರುಗಳು ಕಡೆಯ ಅಧ್ಯಾಯದಲ್ಲಿ ಬರುತ್ತವೆ. ರಾಯಬಾಗವಂತೂ ಆಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದರಿಂದ 1886ರ ಬೇರೊಂದು ಸಂಪುಟದ ಪಾಲಾಯಿತು. ಕೃಷ್ಣೆಯ ಎಡದಂಡೆಯ ಅಥಣಿ ಸೀಮೆ ಒಂದು ಪುಸ್ತಕದಲ್ಲಿ, ಬಲದಂಡೆಯ ರಾಯಬಾಗ ಸೀಮೆ ಇನ್ನೊಂದರಲ್ಲಿ! ಆಡಳಿತದ ಗೆರೆಯೇ ಚರಿತ್ರೆಯ ಗೆರೆಯಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗೆರೆಯ ಜಾಗ ಬದಲಾಯಿತು. ನೋಡುವ ಕಣ್ಣು ಬದಲಾಗಲಿಲ್ಲ.

ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ದೂಧಗಂಗೆ, ವೇದಗಂಗೆಗಳೂ ಸಹ್ಯಾದ್ರಿಯ ಮಕ್ಕಳೇ. ಭೋಜದಲ್ಲಿ ಅವೆರಡು ಕೂಡಿ, ಮುಂದೆ ಯಡೂರಿನ ಸಮೀಪ ಕೃಷ್ಣೆಯನ್ನು ಸೇರುತ್ತವೆ. ಇಲ್ಲಿ ಹನಿ ಬೀಳದಿದ್ದರೂ ಘಟ್ಟದ ಮಳೆಗೆ ಹೊಳೆ ತುಂಬುತ್ತದೆ. ಇಂಥ ದಂಡೆಯಲ್ಲಿ ಮೊದಲು ನೆಲೆ ನಿಂತ ಒಕ್ಕಲಿಗೆ ನೀರು ಸಮೀಪವೂ ಇರಬೇಕು, ಮನೆಗೆ ನುಗ್ಗಲೂ ಬಾರದು. ಆ ದಿಬ್ಬವನ್ನು ಆರಿಸಿದವರಾರು? ಎತ್ತರದ ನೆಲ ಯಾರ ಪಾಲಿಗೆ ಬಂತು, ತಗ್ಗಿನ ಓಣಿ ಯಾರ ಪಾಲಿಗೆ? ಈ ಪ್ರಶ್ನೆಗಳಿಂದ ಆರಂಭವಾಗುವ ಊರಿನ ಚರಿತ್ರೆಯನ್ನು ನಾನಿನ್ನೂ ಓದಬೇಕಾಗಿದೆ.

ಸಾಮಗ್ರಿ ಇಲ್ಲವೆನ್ನುವಂತಿಲ್ಲ. ಫ್ಲೀಟರು ಪ್ರಕಟಿಸಿದ ರಟ್ಟರ ಶಾಸನಗಳಲ್ಲಿ ನಮ್ಮವರು ಅರಸರ ಬಿರುದುಗಳನ್ನಷ್ಟೇ ಹೆಕ್ಕಿಕೊಂಡರು. ಬಿರುದುಗಳ ಬಳಿಕ ಬರುವ ಹೊಲದ ಅಳತೆ, ಎಲ್ಲೆಕಟ್ಟು, ಸುಂಕದ ವಿವರಗಳೇ ದುಡಿದವರ ಬದುಕಿಗೆ ಕೀಲಿಕೈ. ಶಂಬಾ ಜೋಶಿಯವರು ಸ್ಥಳನಾಮಗಳ ಜಾಡು ಹಿಡಿದು ಗಡಿಯಾಚೆಗೂ ನಡೆದರು. ಆ ಧೈರ್ಯ ದೊಡ್ಡದು. ಆದರೆ ಅವರನ್ನು ಅನುಸರಿಸಿದ ಹಲವರಿಗೆ ನೆಲ ಯಾರದೆಂಬ ವಾದವೇ ಸಾಕಾಯಿತು. ಆ ನೆಲದಲ್ಲಿ ಜನ ಹೇಗೆ ಬಾಳಿದರೆಂಬ ವಿಚಾರ ಹಿಂದೆ ಬಿತ್ತು.

ನನ್ನ ವಿದ್ಯಾರ್ಥಿಗಳಿಗೆ ಊರಿನ ಇತಿಹಾಸ ಬರೆಯಹೇಳಿದರೆ ರಾಜವಂಶಗಳ ಪಟ್ಟಿ ತರುತ್ತಾರೆ. ಮಹಾಪೂರ ಎಲ್ಲಿಯವರೆಗೆ ಬಂದಿತ್ತೆಂದು ಕೇಳಿದರೆ ಗುಡಿಯ ಮೆಟ್ಟಿಲನ್ನೇ ಎಣಿಸಿ ಹೇಳುತ್ತಾರೆ. ಈ ಎರಡನೆಯದೂ ಇತಿಹಾಸವೆಂದು ಅವರಿಗೆ ಯಾರೂ ಹೇಳಿಲ್ಲ.

ಇದು ಬರಿಯ ಪಂಡಿತರ ಚರ್ಚೆಯಲ್ಲ. 2005, 2019, 2021ರಲ್ಲಿ ಕೃಷ್ಣೆ ಉಕ್ಕಿದಾಗ ಈ ಸೀಮೆಯ ಜನ ಮನೆಮಾರು ಬಿಟ್ಟು ಏಳಬೇಕಾಯಿತು. ಊರನ್ನೇ ಎತ್ತಿ ಬೇರೆಡೆ ಇಡುವ ಮಾತು ಪ್ರತಿ ಮಹಾಪೂರದ ಬೆನ್ನಿಗೂ ಏಳುತ್ತದೆ. ಹೊಸ ನಿವೇಶನ ಹಂಚುವವರಿಗೆ ಹಳೆಯ ಹಂಚಿಕೆಯ ಕಥೆ ತಿಳಿಯದಿದ್ದರೆ, ತಗ್ಗಿನವರಿಗೆ ಮತ್ತೆ ತಗ್ಗೇ ದಕ್ಕೀತು. ಮುಂದಿನ ಚರಿತ್ರಕಾರರು ವಂಶಾವಳಿಗೆ ಕೈಹಚ್ಚುವ ಮುನ್ನ ಅಂಬಿಗರ ಓಣಿಗೊಮ್ಮೆ ಹೋಗಿ ಬರಲಿ.